ಮನೆಯ ಲೆಕ್ಕ: ಗಚ್ಚಿಯ ಬಿಸಿಲು

ಈ ಸಲದ ಲೆಕ್ಕ ಮನೆಯೊಳಗಿನದಕ್ಕಿಂತ ಮನೆಯ ಮೇಲಿನ ಗಚ್ಚಿಯದೇ ಹೆಚ್ಚು. ಊರಿನಲ್ಲಿ ತಾರಸಿ ಎನ್ನುವುದನ್ನು ಮುಲುಂಡಿಗೆ ಬಂದು ನೆಲೆಸಿದ ನಾವು ಮರಾಠಿಯವರಂತೆ ಗಚ್ಚಿ ಎಂದೇ ಕರೆದು ರೂಢಿಯಾಗಿದೆ. ನಮ್ಮ ಕಟ್ಟಡಕ್ಕೆ ಏಳು ಮಾಳಿಗೆ, ಇಪ್ಪತ್ತೆಂಟು ಮನೆ, ಒಂದು ಲಿಫ್ಟು. ಎಲ್ಲಕ್ಕೂ ಮೇಲೆ ಒಂದೇ ಒಂದು ಗಚ್ಚಿ. ಏಪ್ರಿಲ್ ಬಂದಿತೆಂದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಕಡೆ ಗುಜರಾತಿ ಬೇನ್‌ಗಳ ಬಟಾಟೆ ವೇಫರು, ಇನ್ನೊಂದು ಕಡೆ ಮರಾಠಿ ಕಾಕೂಗಳ ಕುರಡೈ. ನಡುವೆ ಹಳೆಯ ಸೀರೆ ಹಾಸಿ, ನಾಲ್ಕು ಮೂಲೆಗೂ ಇಟ್ಟಿಗೆ ಚೂರು ಹೇರಿ, ನಮ್ಮ ಅಮ್ಮ ಹರವಿದ ಅಕ್ಕಿ ಸಂಡಿಗೆ, ಹಲಸಿನ ಹಪ್ಪಳ, ಮಜ್ಜಿಗೆ ಮೆಣಸು. ಕಾಗೆ ಕಾಯಲು ಪರೀಕ್ಷೆ ಮುಗಿಸಿದ ಮಕ್ಕಳು. ಕಾಗೆಗಿಂತ ಹೆಚ್ಚು ಹಸಿ ಸಂಡಿಗೆ ಆ ಕಾವಲುಗಾರರ ಹೊಟ್ಟೆಗೇ ಹೋಗುತ್ತದೆಂಬುದು ಬೇರೆ ಮಾತು.

2024ರ ಏಪ್ರಿಲ್ ತಿಂಗಳ ಒಂದು ಭಾನುವಾರ, ಮೇಲೆ ಹಪ್ಪಳ ಒಣಗುತ್ತಿರುವಾಗಲೇ, ಕೆಳಗೆ ನಮ್ಮ ಸೊಸೈಟಿಯ ಸಭೆ ಕೂಡಿತು. ಕಾರ್ಯದರ್ಶಿಗಳು ಒಂದು ಠರಾವನ್ನು ಮಂಡಿಸಿದರು. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ ಇವುಗಳಿಗಾಗಿ ತಿಂಗಳಿಗೆ ಸುಮಾರು 1,200 ಯೂನಿಟ್ಟು ವಿದ್ಯುತ್ತು ಖರ್ಚಾಗುತ್ತಿದೆ. ಗಚ್ಚಿಯ ಮೇಲೆ 10 ಕಿಲೋವಾಟಿನ ಸೌರಫಲಕಗಳನ್ನು ಹಾಕಿಸಿದರೆ ಈ ಖರ್ಚು ಬಹುಮಟ್ಟಿಗೆ ತಪ್ಪುತ್ತದೆ ಎಂದು ಅದರ ಸಾರಾಂಶ. ಲೆಕ್ಕ ಸರಿಯಾಗಿಯೇ ಇತ್ತು. ನಮ್ಮ ಈ ಭಾಗದಲ್ಲಿ ಒಂದು ಕಿಲೋವಾಟಿನ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ಟಿನಷ್ಟು ಕೊಡುತ್ತದೆ. ಹತ್ತು ಕಿಲೋವಾಟಿಗೆ ದಿನಕ್ಕೆ ನಲವತ್ತು, ತಿಂಗಳಿಗೆ 1,200. ಸರ್ಕಾರದ ಸಹಾಯವೂ ಉಂಟು. ಅದೇ ವರ್ಷದ ಫೆಬ್ರುವರಿಯಲ್ಲಿ ಆರಂಭವಾದ 'ಪ್ರಧಾನಮಂತ್ರಿ ಸೂರ್ಯಘರ್' ಯೋಜನೆಯಲ್ಲಿ, ಸ್ವಂತ ಮಾಡು ಇರುವ ಮನೆಯವರಿಗೆ ಎರಡು ಕಿಲೋವಾಟಿನವರೆಗೆ ಕಿಲೋವಾಟಿಗೆ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟಿನಲ್ಲಿ 78,000 ರೂಪಾಯಿಗೆ ಮೀರದಂತೆ ಸಹಾಯಧನವೆಂದು ಗೊತ್ತುಮಾಡಿದ್ದರು. ನಮ್ಮಂಥ ಸೊಸೈಟಿಗಳ ಸಾಮಾನ್ಯ ಬಳಕೆಗೆ ಕಿಲೋವಾಟಿಗೆ 18,000 ರೂಪಾಯಿ. ಹತ್ತಕ್ಕೆ 1,80,000 ರೂಪಾಯಿ ಹಾಗೇ ಬರುತ್ತದೆಂದರೆ ಬೇಡವೆನ್ನುವವರಾರು? ಠರಾವನ್ನು ಅನುಮೋದಿಸಿದವನು ನಾನೇ. ದಿನವಿಡೀ ಕಡತಗಳ ನಡುವೆ ಕೂತಿರುವವನಿಗೆ ಅಂಕಿಗಳು ಕೂಡಿ ಬಂದರೆ ಏನೋ ಒಂದು ತೃಪ್ತಿ.

ತೊಡಕು ಬಂದುದು ಜಾಗದಲ್ಲಿ. ಒಂದು ಕಿಲೋವಾಟಿಗೆ ನೆರಳಿಲ್ಲದ ನೂರು ಚದರಡಿ ಬೇಕು. ನಮ್ಮ ಗಚ್ಚಿ ದೊಡ್ಡದೇ. ಆದರೆ ನೀರಿನ ಟಾಕಿ, ಲಿಫ್ಟಿನ ಕೋಣೆ ಇವುಗಳಿಗೆ ಸ್ವಲ್ಪ ಹೋಯಿತು. ಉಳಿದುದರಲ್ಲಿ ಒಂದು ಪಾಲು, ಪಕ್ಕದಲ್ಲಿ ಹಳೆಯ ಕಟ್ಟಡವನ್ನು ಕೆಡವಿ ಎಬ್ಬಿಸುತ್ತಿರುವ ಹೊಸ ಗೋಪುರದ ನೆರಳಿಗೆ ಹೋಯಿತು. ಮುಲುಂಡಿನಲ್ಲಿರುವ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಗ ಯಾವ ರಸ್ತೆಯಲ್ಲಿ ನೋಡಿದರೂ ಕೆಡಹುವುದು, ಕಟ್ಟುವುದು. ಸ್ವಲ್ಪ ನೆರಳಾದರೆ ಏನಾಯಿತು ಎನ್ನುವಂತೆಯೂ ಇಲ್ಲ. ಫಲಕಗಳನ್ನು ಸರಪಣಿಯಂತೆ ಒಂದಕ್ಕೊಂದು ಜೋಡಿಸಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೂ ಆ ಸಾಲಿನಲ್ಲಿರುವ ಉಳಿದವುಗಳ ಉತ್ಪತ್ತಿ ಕುಗ್ಗುತ್ತದೆ. ಅಂತೂ ಬೆಳಗಿನಿಂದ ಸಂಜೆಯವರೆಗೆ ಚೆನ್ನಾಗಿ ಬಿಸಿಲು ಬೀಳುವ ಜಾಗ ಅಳೆದು ನೋಡಿದರೆ ಸರಿಸುಮಾರು ಸಾವಿರ ಚದರಡಿ. ಠರಾವಿಗೆ ಬೇಕಾದುದೂ ಸಾವಿರ ಚದರಡಿ. ಅಂದರೆ ಹಪ್ಪಳ ಸಂಡಿಗೆಗೆ ಉಳಿಯುವುದು ಟಾಕಿಯ ಹಿಂದಿನ ನೆರಳು.

ಸುದ್ದಿ ಮೇಲೆ ಮುಟ್ಟಲು ಎಷ್ಟು ಹೊತ್ತು? ಸಭೆ ಮುಗಿಯುವುದರೊಳಗೆ ಏಳೆಂಟು ಮಂದಿ ಹೆಂಗಸರು ಇಳಿದು ಬಂದು ಬಾಗಿಲಲ್ಲಿ ನಿಂತಿದ್ದರು. ಒಬ್ಬ ಮಹನೀಯರು ಜಾಣ್ಮೆಯ ಉಪಾಯವೊಂದನ್ನು ಹೇಳಿದರು: ಎಂಟು ಅಡಿ ಎತ್ತರಕ್ಕೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಅದರ ಮೇಲೆ ಫಲಕ ಹಾಕೋಣ, ಕೆಳಗೆ ಹೆಂಗಸರು ಆರಾಮವಾಗಿ ಪಾಪಡ ಹಾಕಿಕೊಳ್ಳಲಿ. ಮೂರನೆಯ ಮಾಳಿಗೆಯ ಕಚ್ಛೀ ಅಜ್ಜಿ, "ಹಾಗೇ ಆಗಲಿ ಭಾಯಿ, ನೆರಳಿನಲ್ಲಿ ಪಾಪಡ ಒಣಗಿಸುವುದು ಹೇಗೆಂದು ಮೊದಲು ನೀವು ಬಂದು ತೋರಿಸಿಕೊಡಿ" ಎಂದಳು. ಸಭೆಯಲ್ಲಿ ನಗೆ ಎದ್ದಿತು. ಠರಾವು ಮುಂದಿನ ಸಭೆಗೆ ಹೋಯಿತು.

ನಮ್ಮ ಅಮ್ಮ ಸಭೆಯಲ್ಲಿ ಏನೂ ಆಡಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ನನ್ನ ಮುಖ ನೋಡದೆ, "ಕರೆಂಟಿಗೆ ಒಂದು ಅಂಗಳ ಕೊಟ್ಟಾಯ್ತು. ಇದನ್ನೂ ಕೊಡಬೇಕೇನು?" ಎಂದರು.

ಈ ಮಾತಿನ ಹಿನ್ನೆಲೆ ಹೇಳಬೇಕು. ಅಮ್ಮನ ತವರು ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿತ್ತು. ಇತ್ತು ಎಂದೇ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ನಿಂತಾಗ ಮನೆ, ಅಡಕೆ ತೋಟ, ಅಂಗಳ ಎಲ್ಲವೂ ಅದರಲ್ಲಿ ಸೇರಿದವು. ಆಗ ಅಮ್ಮನಿಗೆ ಐದು ವರ್ಷ. ಮನೆಯ ನೆನಪು ಅವರಿಗೆ ಅಷ್ಟಾಗಿ ಇಲ್ಲ. ಅಂಗಳದಲ್ಲಿ ಅಡಕೆ ಒಣಗಿಸುವ ಅಟ್ಟ ಇದ್ದುದು, ಅದರ ಕೆಳಗಿನ ತಣ್ಣನೆಯ ನೆಲದಲ್ಲಿ ತಾವು ಕುಂಟಾಟ ಆಡಿದ್ದು, ಹೊರಡುವ ದಿನ ಅಜ್ಜಿ ಅಂಗಳವನ್ನು ಸಾರಿಸಿ ರಂಗೋಲಿ ಇಟ್ಟು ಬಂದದ್ದು, ಇಷ್ಟೇ. ಮುಳುಗುವ ಅಂಗಳಕ್ಕೆ ರಂಗೋಲಿ ಏಕೆಂದು ನಾನು ಚಿಕ್ಕವನಾಗಿದ್ದಾಗ ಕೇಳಿದ್ದುಂಟು. ಅಮ್ಮನಿಗೂ ಗೊತ್ತಿರಲಿಲ್ಲ.

ಆ ನೀರಿನಿಂದ ತಿರುಗಿದ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳು; ಒಟ್ಟು 1,035 ಮೆಗಾವಾಟ್. ಅನೇಕ ವರ್ಷ ಕರ್ನಾಟಕದ ವಿದ್ಯುತ್ತಿಗೆ ಅದೇ ದೊಡ್ಡ ಆಧಾರ. ಹೊಗೆಯಿಲ್ಲ, ಬೂದಿಯಿಲ್ಲ, ಶುದ್ಧವಾದ ಶಕ್ತಿಯೆಂದು ಪುಸ್ತಕಗಳಲ್ಲಿ ಬರೆದಿರುವುದು ಸುಳ್ಳಲ್ಲ. ಆದರೆ ಮುಳುಗಡೆಯವರು ಹೊಸದಾಗಿ ಹೋಗಿ ಕೂತ ಎಷ್ಟೋ ಹಳ್ಳಿಗಳಿಗೆ ಆ ವಿದ್ಯುತ್ತಿನ ಕಂಬಗಳು ಬರಲು ಮತ್ತೆ ವರ್ಷಗಳೇ ಹಿಡಿದವು. ಅಜ್ಜನ ಹೊಸ ಮನೆಯಲ್ಲಿ ಅಮ್ಮ ಮದುವೆಯಾಗಿ ಹೊರಡುವ ತನಕ ಇದ್ದುದು ಚಿಮಣಿ ಬುಡ್ಡಿ. ಅಪ್ಪನ ಕೆಲಸದ ನಿಮಿತ್ತ ಮುಂಬಯಿಗೆ ಬಂದ ಮೇಲೆಯೇ ಅವರು ಗುಂಡಿ ಒತ್ತಿ ದೀಪ ಹಚ್ಚಿದ್ದು. ಇಂಥವರು ಹಪ್ಪಳದ ನೆಪದಲ್ಲಿ ಆಡಿದ ಮಾತು ಹಪ್ಪಳದ ವಿಷಯವಲ್ಲವೆಂದು ತಿಳಿಯದಷ್ಟು ನಾನು ದಡ್ಡನಲ್ಲ. ಆದರೂ ಠರಾವಿಗೆ ಕೈ ಎತ್ತಿದವನು ನಾನಲ್ಲವೇ? ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಹೀಗಿರುವಾಗ ನನಗೆ ನೆನಪಾದವರು ಅಮೂಲ್ಯ ರೆಡ್ಡಿಯವರು. ಬಿ.ಎ. ಓದುವಾಗ ಅವರ ಒಂದು ಲೇಖನ ಕಣ್ಣಿಗೆ ಬಿದ್ದಿತ್ತು. ಈಗ ಮತ್ತೆ ಹುಡುಕಿ ಓದಿದೆ. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದು, 2006ರಲ್ಲಿ ತೀರಿಕೊಂಡರು. ಹಳ್ಳಿಗಳ ಕೆಲಸಕ್ಕೆ ವಿಜ್ಞಾನವನ್ನು ಹೂಡಬೇಕೆಂದು 1974ರಲ್ಲಿ ಅವರು ಅಲ್ಲಿ ಆರಂಭಿಸಿದ ವಿಭಾಗದ ಹೆಸರು 'ಅಸ್ತ್ರ'. ಮಲೆನಾಡಿನವರಿಗೆ ಅಸ್ತ್ರ ಎಂದರೆ ಒಲೆ. ಮೂರು ಪಾತ್ರೆ ಕೂರುವ, ಹೊಗೆ ಕೊಳವೆಯ ಮೂಲಕ ಮಾಡಿನ ಮೇಲೆ ಹೋಗುವ ಅಸ್ತ್ರ ಒಲೆಯನ್ನು ನಮ್ಮ ಅಜ್ಜಿ ಹಾಕಿಸಿಕೊಂಡಿದ್ದರು. ಸೌದೆ ಉಳಿದುದಕ್ಕಿಂತ ಕಣ್ಣು ಉಳಿದುದೇ ದೊಡ್ಡದೆನ್ನುತ್ತಿದ್ದರು.

ರೆಡ್ಡಿಯವರು ಹೇಳುತ್ತಿದ್ದ ಮುಖ್ಯ ವಿಚಾರ ಸರಳವಾದುದು. ಯಾವ ಮನೆಯವರಿಗೂ ಬೇಕಾಗಿರುವುದು ಯೂನಿಟ್ಟಲ್ಲ. ಬೇಕಾಗಿರುವುದು ಬೆಳಕು, ಬೆಂದ ಅನ್ನ, ಬಾವಿಯಿಂದ ಮೇಲೆ ಬಂದ ನೀರು. ಆದುದರಿಂದ ಎಷ್ಟು ವಿದ್ಯುತ್ತು ಹುಟ್ಟಿಸಬೇಕೆಂಬ ಲೆಕ್ಕಕ್ಕೆ ಮೊದಲು, ಈ ಸೌಕರ್ಯಗಳನ್ನು ಎಷ್ಟು ಕಡಿಮೆ ವಿದ್ಯುತ್ತಿನಲ್ಲಿ ಕೊಡಬಹುದೆಂಬ ಲೆಕ್ಕ ಮಾಡಬೇಕು. 1987ರಲ್ಲಿ ಕರ್ನಾಟಕಕ್ಕೆ ಮುಂದೆ ಬೇಕಾಗುವ ವಿದ್ಯುತ್ತನ್ನು ಸರ್ಕಾರದ ಸಮಿತಿಯೊಂದು ಅಂದಾಜು ಮಾಡಿದಾಗ, ರೆಡ್ಡಿ ಮತ್ತು ಅವರ ಸಂಗಡಿಗರು ಬೇರೆಯ ಬಗೆಯಲ್ಲಿ ಲೆಕ್ಕ ಹಾಕಿ, ಅದಕ್ಕಿಂತ ಬಹಳ ಕಡಿಮೆಯಲ್ಲಿ ಎಲ್ಲ ಮನೆಗಳಿಗೂ ದೀಪ ಕೊಡಲು ಸಾಧ್ಯವೆಂದು ತೋರಿಸಿದರು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕಥೆಯೂ ಇಲ್ಲಿ ಹೇಳತಕ್ಕದ್ದು. ಅಲ್ಲಿ ಇಡೀ ಊರಿಗೆ ಸೇರಿದಂತೆ ಸಗಣಿ ಅನಿಲದ ಸ್ಥಾವರ ಕಟ್ಟಿದರು. ಮೊದಲಿನ ಯೋಚನೆ ಅಡಿಗೆಗೆ ಅನಿಲ ಕೊಡಬೇಕೆಂದು. ಊರಿನ ದನಗಳ ಸಗಣಿ ಎಲ್ಲ ಒಲೆಗಳಿಗೆ ಸಾಲುವಷ್ಟು ಇರಲಿಲ್ಲ, ಕೆಲಸ ನಿಂತಿತು. ಆಮೇಲೆ ಊರಿನವರಿಗೆ ನಿಜವಾಗಿ ಬೇಕಾದುದು ಕುಡಿಯುವ ನೀರು ಮತ್ತು ದೀಪವೆಂದು ಕಂಡುಬಂದಿತು. ಅದೇ ಅನಿಲದಿಂದ ಎಂಜಿನ್ ನಡೆಸಿ, 1987ರಿಂದ ಕೊಳವೆ ಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಅದರ ಗೊಬ್ಬರ ವಾಪಸು. ಸಗಣಿ ಅಷ್ಟೇ ಇತ್ತು. ಕೇಳಿದ ಪ್ರಶ್ನೆ ಬೇರೆಯಾಯಿತು, ಅಷ್ಟೆ.

ಇದನ್ನು ಓದಿದ ಮೇಲೆ ನನಗೆ ನಮ್ಮ ಠರಾವಿನ ದೋಷ ಹೊಳೆಯಿತು. 1,200 ಯೂನಿಟ್ಟು ಖರ್ಚಾಗುತ್ತಿದೆ, ಆದುದರಿಂದ 1,200 ಯೂನಿಟ್ಟು ಹುಟ್ಟಿಸಬೇಕು ಎಂದು ಹೊರಟಿದ್ದೆವು. ಆ 1,200 ಹೇಗೆ ಖರ್ಚಾಗುತ್ತಿದೆಯೆಂದು ಒಬ್ಬರೂ ಕೇಳಿರಲಿಲ್ಲ.

ಮಾರನೆಯ ವಾರದಿಂದ ನಾನು ಒಂದು ನೋಟುಪುಸ್ತಕ ಹಿಡಿದು ಮೆಟ್ಟಿಲು ಹತ್ತಿ ಇಳಿಯತೊಡಗಿದೆ. ಜೊತೆಗೆ ನಮ್ಮ ಹುಡುಗ. ಮೆಟ್ಟಿಲು, ಪಡಸಾಲೆ, ಕೆಳಗಿನ ವಾಹನಗಳ ಜಾಗ ಎಲ್ಲ ಸೇರಿ ಮೂವತ್ತು ಹಳೆಯ ಟ್ಯೂಬುಗಳು. ಟ್ಯೂಬಿನ ಮೇಲೆ 40 ವಾಟ್ ಎಂದು ಬರೆದಿದ್ದರೂ ಹಳೆಯ ಚೋಕು ತಾನೂ ಸ್ವಲ್ಪ ತಿನ್ನುತ್ತದೆ, 50 ಎಂದಿಟ್ಟುಕೊಳ್ಳಿ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಉರಿದರೆ ದಿನಕ್ಕೆ 18 ಯೂನಿಟ್ಟು, ತಿಂಗಳಿಗೆ 540. ಇಡೀ ಕಟ್ಟಡವನ್ನು ಹೊತ್ತು ಏರಿಳಿಯುವ ಲಿಫ್ಟಿಗೆ 200ರ ಆಸುಪಾಸು. ಮೆಟ್ಟಿಲು ಕಾಯುವ ದೀಪಗಳು ಲಿಫ್ಟಿನ ಎರಡೂವರೆ ಪಾಲು ತಿನ್ನುತ್ತಿದ್ದವು! ಉಳಿದದ್ದು ಪಂಪಿನದು, 450ರಷ್ಟು. ಅದರಲ್ಲಿಯೂ ಒಂದು ಗುಟ್ಟು ಹೊರಬಿತ್ತು. ಬೆಳಗಿನ ಹೊತ್ತು ಕಾವಲುಗಾರ ಪಂಪು ಹಾಕಿ ಚಹಾಕ್ಕೆ ಹೋದರೆ, ಮೇಲೆ ಟಾಕಿ ತುಂಬಿ, ನೀರು ಗಚ್ಚಿಯ ಮೇಲೆ ಹರಿದು, ಮಳೆನೀರಿನ ಕೊಳವೆಯಲ್ಲಿ ಇಳಿದು ಚರಂಡಿಗೆ ಸೇರುತ್ತಿತ್ತು. ಈ ವಿಷಯ ಅಮ್ಮನಿಗೂ ಕಚ್ಛೀ ಅಜ್ಜಿಗೂ ವರ್ಷಗಳಿಂದ ಗೊತ್ತಿತ್ತು. ಸಂಡಿಗೆಯ ಸೀರೆ ಒದ್ದೆಯಾಗುತ್ತದೆಂದು ಅವರು ಆ ಮೂಲೆಯನ್ನೇ ಬಿಟ್ಟಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ.

ಮೂವತ್ತು ಟ್ಯೂಬುಗಳಿಗೆ ಬದಲಾಗಿ 10 ವಾಟಿನ ಎಲ್‌ಇಡಿ ದೀಪಗಳು ಬಂದವು. ಹತ್ತು ವರ್ಷದ ಹಿಂದೆ ಈ ದೀಪ ದುಬಾರಿ ವಸ್ತು. 2015ರಲ್ಲಿ ಸರ್ಕಾರ ಉಜಾಲಾ ಯೋಜನೆಯಲ್ಲಿ ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಂಡು ಹಂಚತೊಡಗಿದ ಮೇಲೆ ಬೆಲೆ ಇಳಿದು, ಈಗ ಅದನ್ನು ಹಾಕದಿರುವುದಕ್ಕೆ ಸೋಮಾರಿತನವೊಂದೇ ಕಾರಣ. ತಿಂಗಳಿಗೆ 540 ಇದ್ದುದು 108ಕ್ಕೆ ಬಂದಿತು. ಪಂಪಿಗೆ, ಟಾಕಿ ತುಂಬಿದೊಡನೆ ತಾನೇ ನಿಲ್ಲುವ ಉಪಕರಣ ಹಾಕಿಸಿದೆವು. ಹನಿಯುತ್ತಿದ್ದ ಎರಡು ಕವಾಟಗಳನ್ನು ರಿಪೇರಿ ಮಾಡಿಸಿದೆವು. ಅಲ್ಲಿ ನೂರಕ್ಕೆ ಮೇಲ್ಪಟ್ಟು ಯೂನಿಟ್ಟು ಉಳಿಯಿತು. ಲಿಫ್ಟನ್ನು ಮಾತ್ರ ಮುಟ್ಟಲಿಲ್ಲ. ಏಳನೆಯ ಮಾಳಿಗೆಯಲ್ಲಿ ಎಂಬತ್ತು ದಾಟಿದವರಿದ್ದಾರೆ. ಅವರಿಗೆ ಮಿತವ್ಯಯವನ್ನು ಬೋಧಿಸುವುದು ಮರ್ಯಾದೆಯಲ್ಲ.

ಲಿಫ್ಟು ಕೆಳಗೆ ಬರುವಾಗ ವಿದ್ಯುತ್ತು ವಾಪಸು ಕೊಡುವುದಿಲ್ಲವೇ ಎಂದು ನಮ್ಮ ಹುಡುಗ ಕೇಳಿದ. ನಮ್ಮ ಹಳೆಯ ಲಿಫ್ಟು ಕೊಡುವುದಿಲ್ಲ. ಆದರೆ ನಾವು ದಿನಾ ಜೋತುಬಿದ್ದು ಹೋಗುವ ಲೋಕಲ್ ಗಾಡಿಗಳು ಕೊಡುತ್ತವೆ. ಈಗಿನ ಗಾಡಿಗಳಲ್ಲಿ ಬ್ರೇಕು ಹಾಕಿದಾಗ ಮೋಟಾರುಗಳೇ ಡೈನಮೋ ಆಗಿ ತಿರುಗಿ, ಹುಟ್ಟಿದ ವಿದ್ಯುತ್ತನ್ನು ಮೇಲಿನ ತಂತಿಗೆ ಹಿಂದಿರುಗಿಸುತ್ತವೆ. ಮುಲುಂಡಿನಲ್ಲಿ ಗಾಡಿ ನಿಲ್ಲುವಾಗ ಒಂದು ಬಗೆಯ ಗುಂಯ್ ಸದ್ದು ಇಳಿಯುತ್ತದಲ್ಲ, ಆಗಿನ ಸಮಾಚಾರ ಇದು. ಹುಡುಗನಿಗೆ ಬಹಳ ಸಂತೋಷವಾಯಿತು. ಅಂದಿನಿಂದ ನಿಲ್ದಾಣ ಬಂದಾಗಲೆಲ್ಲ "ಅಪ್ಪಾ, ಈಗ ಕೊಟ್ಟಿತು" ಎಂದು ಕೂಗುತ್ತಾನೆ. ಪಕ್ಕದಲ್ಲಿ ನಿಂತವರು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ಊರಿಗೆ ಉಪಕಾರಿಯಾದವನ ಮನೆಯಲ್ಲಿ ದೀಪವಿಲ್ಲ ಎನ್ನುವಂತೆ ಆಗಬಾರದೆಂದು ನನ್ನಾಕೆ ನಮ್ಮ ಮನೆಯ ಮೀಟರನ್ನೂ ನೋಟುಪುಸ್ತಕಕ್ಕೆ ಸೇರಿಸಿದಳು. ಪ್ರತಿದಿನ ಸಂಜೆ ಏಳು ಗಂಟೆಗೆ ಅಂಕಿ ಬರೆಯುವುದು. ಅಂದು ವಿಶೇಷವಾಗಿ ಏನು ನಡೆಯಿತೆಂದು ಪಕ್ಕದಲ್ಲಿ ಒಂದು ಸಾಲು. ಒಂದು ತಿಂಗಳಲ್ಲಿ ಮನೆಯ ಚರಿತ್ರೆಯೇ ಅದರಲ್ಲಿ ಬಂದಿತು. ನೆಂಟರು ಬಂದ ದಿನ, ಇಸ್ತ್ರಿಯ ದಿನ, ನಾನು ರಜೆ ಹಾಕಿ ಕ್ರಿಕೆಟ್ ನೋಡಿದ ದಿನ, ಯಾವುದನ್ನೂ ಅಡಗಿಸುವಂತಿಲ್ಲ.

ಗೀಸರಿನದು ಮೊದಲ ಪಾಠ. ಒಂದು ಬಕೆಟ್ಟು, ಅಂದರೆ ಹದಿನೈದು ಲೀಟರು ನೀರನ್ನು ಸ್ನಾನದ ಹದಕ್ಕೆ ಕಾಯಿಸಲು ಬೇಕಾಗುವುದು ಹೆಚ್ಚುಕಡಿಮೆ ಯೂನಿಟ್ಟಿನ ಮೂರರಲ್ಲೊಂದು ಪಾಲು. ಆದರೆ ಬೆಳಿಗ್ಗೆ ಹಾಕಿದ ಗೀಸರನ್ನು ಎಲ್ಲರ ಸ್ನಾನ ಮುಗಿದ ಮೇಲೂ ಆರಿಸದೆ ಬಿಟ್ಟರೆ ಅದು ತಣ್ಣಗಾಗುತ್ತ, ಮತ್ತೆ ಕಾಯುತ್ತ, ಯಾರಿಗೂ ಬೇಡದ ನೀರಿಗೆ ವಿದ್ಯುತ್ತು ತಿನ್ನುತ್ತದೆ. ಊರಿನ ಬಚ್ಚಲ ಹಂಡೆಗೆ ಅಡಕೆ ಸಿಪ್ಪೆ ತುರುಕಿ ಒಬ್ಬರ ಹಿಂದೊಬ್ಬರು ಮಿಂದು ಮುಗಿಸುತ್ತಿದ್ದ ಕ್ರಮವನ್ನು ಅಮ್ಮ ಇಲ್ಲಿಯೂ ಜಾರಿಗೆ ತಂದರು. ಸರದಿ ತಪ್ಪಿದವನಿಗೆ ತಣ್ಣೀರು. ಬಹುಮಟ್ಟಿಗೆ ಅದು ನಾನು.

ಎರಡನೆಯದು ಫ್ಯಾನು. ಹಳೆಯ ಫ್ಯಾನು 75 ವಾಟಿನಷ್ಟು ತೆಗೆದುಕೊಳ್ಳುತ್ತದೆ. ದಿನಕ್ಕೆ ಹದಿನಾರು ಗಂಟೆ ತಿರುಗಿದರೆ ತಿಂಗಳಿಗೆ 36 ಯೂನಿಟ್ಟು. ಮುಂಬಯಿಯ ಸೆಕೆಯಲ್ಲಿ ಹದಿನಾರು ಗಂಟೆ ಹೆಚ್ಚೇನಲ್ಲ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನು 30 ವಾಟಿನಲ್ಲಿ ಅದೇ ಗಾಳಿ ಕೊಡುತ್ತದೆ. ತಿಂಗಳಿಗೆ 14 ಚಿಲ್ಲರೆ. ಬೆಲೆ ಹೆಚ್ಚು, ನಿಜ. ನಾವು ಹಳೆಯದು ಕೆಟ್ಟಾಗಲೊಂದರಂತೆ ಬದಲಾಯಿಸುತ್ತಿದ್ದೇವೆ. ಅತಿ ಹೆಚ್ಚು ಹೊತ್ತು ತಿರುಗುವ ಅಮ್ಮನ ಕೋಣೆಯದನ್ನು ಮಾತ್ರ ಕಾಯದೆ ತಂದೆವು. ಟೀವಿಯ ಮೇಲಿನ ಸೆಟ್‌ಟಾಪ್ ಪೆಟ್ಟಿಗೆ ಟೀವಿ ಆರಿಸಿದ ಮೇಲೂ ಎಚ್ಚರವಾಗಿಯೇ ಇದ್ದು, ಹತ್ತು ವಾಟಿನಂತೆ ತಿಂಗಳಿಗೆ ಏಳು ಯೂನಿಟ್ಟು ಕಬಳಿಸುತ್ತಿತ್ತು. ಗೋಡೆಯ ಗುಂಡಿಯಲ್ಲೇ ಆರಿಸಿದರೆ ಮುಗಿಯಿತು. ಹವಾ ನಿಯಂತ್ರಣವಿರುವ ಮನೆಯವರು ಅದನ್ನು 24 ಡಿಗ್ರಿಗೆ ಇಡಬೇಕು. ಒಂದೊಂದು ಡಿಗ್ರಿ ಏರಿಸಿದರೂ ನೂರಕ್ಕೆ ಆರರಷ್ಟು ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಹೇಳುತ್ತದೆ. ಹದಿನೆಂಟಕ್ಕೆ ಇಟ್ಟು ಮೇಲೆ ರಜಾಯಿ ಹೊದೆಯುವ ಬಂಧುಗಳು ನಮ್ಮ ಸಂಘದಲ್ಲಿಯೂ ಇದ್ದಾರೆ. ಅವರ ಹೆಸರು ಬರೆಯುವುದಿಲ್ಲ.

ಅಡಿಗೆಯ ಅನಿಲದ ವಿಷಯದಲ್ಲಿ ಅಮ್ಮನಿಗೆ ನಾವು ಹೇಳಿಕೊಡುವಂಥದು ಏನೂ ಇರಲಿಲ್ಲ. ಬೇಳೆ ನೆನೆಹಾಕುವುದು, ಪಾತ್ರೆಗೆ ಮುಚ್ಚಳ, ತಳ ಮೀರಿ ಉರಿ ಹರಡದಂತೆ ನೋಡಿಕೊಳ್ಳುವುದು, ಕುದಿ ಬಂದ ಸಾರನ್ನು ಆರಿಸಿ ಮುಚ್ಚಿಟ್ಟು ಅದರ ಬಿಸಿಯಲ್ಲೇ ಬೇಯಲು ಬಿಡುವುದು, ಇವೆಲ್ಲ ಸೌದೆ ಹೊತ್ತು ತಂದವರ ಕೈಗೆ ತಾನಾಗಿ ಬಂದಿರುವ ವಿದ್ಯೆ.

ಬಿಲ್ಲಿನ ಬಗ್ಗೆ ಒಂದು ಮಾತು. ಮುಂಬಯಿಯ ಉಳಿದ ಭಾಗಗಳಿಗೆ ಬೇರೆ ಕಂಪನಿಗಳಿದ್ದರೆ ಭಾಂಡೂಪ್ ಮುಲುಂಡಿನ ನಮಗೆ ಮಹಾವಿತರಣದ್ದು. ಅದರ ಬಿಲ್ಲಿನಲ್ಲಿ 'ಸ್ಥಿರ ಆಕಾರ', 'ವೀಜ ಆಕಾರ', 'ವಹನ ಆಕಾರ' ಎಂದು ಮರಾಠಿಯಲ್ಲಿ ಸಾಲುಗಳಿರುವುದನ್ನು ನಮ್ಮಲ್ಲಿ ಅನೇಕರು ಓದದೆ ಕೆಳಗಿನ ಮೊತ್ತವನ್ನಷ್ಟೇ ನೋಡುತ್ತಾರೆ. ಮೊದಲಿನದು ಬಳಸಿದರೂ ಬಿಟ್ಟರೂ ಕೊಡಬೇಕಾದುದು. ಎರಡನೆಯದು ವಿದ್ಯುತ್ತಿನ ಬೆಲೆ, ಮೂರನೆಯದು ಅದನ್ನು ಮನೆಯವರೆಗೆ ತಂದ ಕೂಲಿ. ಇವೆರಡೂ ಯೂನಿಟ್ಟಿನೊಂದಿಗೆ ಏರಿ ಇಳಿಯುತ್ತವೆ. ವಿದ್ಯುತ್ತಿನ ಬೆಲೆಗೆ 100, 300, 500 ಎಂದು ಮೆಟ್ಟಿಲುಗಳಿವೆ. 101ನೆಯ ಯೂನಿಟ್ಟು ಬಳಸಿದರೆ ಹಿಂದಿನ ನೂರಕ್ಕೂ ಹೆಚ್ಚಿನ ದರ ಬೀಳುತ್ತದೆಂದು ಹೆದರುವವರಿದ್ದಾರೆ. ಹಾಗಿಲ್ಲ, ಹೆಚ್ಚಿನ ದರ ನೂರರ ಮೇಲಿನವುಗಳಿಗೆ ಮಾತ್ರ. ಹಾಗೆಂದೇ ಉಳಿತಾಯದಲ್ಲಿ ಮೊದಲು ಉಳಿಯುವುದು ಅತಿ ದುಬಾರಿಯಾದ ಮೇಲಿನ ಯೂನಿಟ್ಟುಗಳು.

ಇಷ್ಟೆಲ್ಲ ಆಗುವಷ್ಟರಲ್ಲಿ ಮಳೆಗಾಲ ಕಳೆಯಿತು. ಅಕ್ಟೋಬರಿನ ಸಭೆಗೆ ನಾನು ನೋಟುಪುಸ್ತಕದೊಂದಿಗೆ ಹೋದೆ. ಸೊಸೈಟಿಯ ಖರ್ಚು ತಿಂಗಳಿಗೆ 1,200ರಿಂದ 660ರ ಹತ್ತಿರಕ್ಕೆ ಇಳಿದಿತ್ತು. ಇದಕ್ಕೆ ಹತ್ತು ಕಿಲೋವಾಟ್ ಏಕೆ? ಆರು ಸಾಕು. ಆರುನೂರು ಚದರಡಿ ಫಲಕಗಳಿಗೆ, ನಾನೂರು ಚದರಡಿ ಬಿಸಿಲು ಮನೆಯವರಿಗೆ. ಠರಾವಿಗೆ ಈ ತಿದ್ದುಪಡಿಯನ್ನು ಸೂಚಿಸಿದೆ.

ಆಕ್ಷೇಪಣೆಗಳು ಬಂದವು, ಬರದಿದ್ದರೆ ಅದು ಸೊಸೈಟಿಯ ಸಭೆಯೇ ಅಲ್ಲ. ನಾಲ್ಕೈದು ವರ್ಷದಲ್ಲಿ ನಮ್ಮ ಕಟ್ಟಡವನ್ನೂ ಕೆಡವಿ ಕಟ್ಟುವುದಾದರೆ ಈ ಹಣ ಮಣ್ಣುಪಾಲಲ್ಲವೇ ಎಂದರು ಒಬ್ಬರು. ತಕ್ಕ ಪ್ರಶ್ನೆಯೇ. ಫಲಕಗಳು ಇಪ್ಪತ್ತು ವರ್ಷಕ್ಕೂ ಮೇಲೆ ಬಾಳುವಂಥವು. ಚೌಕಟ್ಟಿಗೆ ಬೋಲ್ಟಿನಿಂದ ಬಿಗಿದಿರುವುದರಿಂದ ಬಿಚ್ಚಿ ಬೇರೆ ಕಡೆ ಹೂಡಬಹುದು. ಬಿಚ್ಚುವ ಹೂಡುವ ಖರ್ಚು ಮಾತ್ರ ನಷ್ಟ. ಅದನ್ನು ಮುಚ್ಚಿಡದೆ ಹೇಳಿದೆವು. ಇನ್ನೊಬ್ಬರು 2020ರ ಅಕ್ಟೋಬರ್ 12ನ್ನು ನೆನಪಿಗೆ ತಂದರು. ಅಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಮುಂಬಯಿಯೆಲ್ಲ ವಿದ್ಯುತ್ತಿಲ್ಲದೆ ಲೋಕಲ್ ಗಾಡಿಗಳೂ ನಿಂತಿದ್ದವು. ಫಲಕವಿದ್ದರೆ ಅಂಥ ದಿನ ನಮ್ಮ ಲಿಫ್ಟಾದರೂ ನಡೆಯುತ್ತದಲ್ಲ ಎಂದು ಅವರ ಉತ್ಸಾಹ. ಅದು ತಪ್ಪು ತಿಳುವಳಿಕೆ. ಬ್ಯಾಟರಿಯಿಲ್ಲದ ಇಂಥ ಸ್ಥಾವರ, ಹೊರಗಿನ ತಂತಿಯಲ್ಲಿ ವಿದ್ಯುತ್ತು ಹೋದೊಡನೆ ತಾನೂ ನಿಲ್ಲುತ್ತದೆ. ನಿಲ್ಲದಿದ್ದರೆ ರಿಪೇರಿಗೆ ಕಂಬ ಹತ್ತಿದವನ ಪ್ರಾಣಕ್ಕೆ ಕುತ್ತು. ಹಗಲು ಹೆಚ್ಚಾಗಿ ಹುಟ್ಟಿದ್ದು ಕಂಪನಿಯ ತಂತಿಗೆ ಹೋಗಿ ನಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ, ರಾತ್ರಿ ನಾವು ಅಲ್ಲಿಂದ ತರುತ್ತೇವೆ. ಇಷ್ಟೇ ಇದರ ವ್ಯವಹಾರ. ಅವರು ನಿರಾಶರಾಗಿ ಕೂತರೂ ಕೈ ಎತ್ತಿದರು. ಏಳನೆಯ ಮಾಳಿಗೆಯವರು ತಮ್ಮ ತಲೆಯ ಮೇಲೆ ಫಲಕಗಳ ನೆರಳಾದರೆ ಮನೆ ತಂಪಾದೀತೆಂಬ ಲೆಕ್ಕದಲ್ಲಿ ಎರಡೂ ಕೈ ಎತ್ತಿದರು.

ಯಾವ ನಾನೂರು ಚದರಡಿ ಬಿಡಬೇಕೆಂಬುದನ್ನು ಹೆಂಗಸರೇ ಗೊತ್ತುಮಾಡಿದರು. ಗುತ್ತಿಗೆದಾರನ ಎಂಜಿನಿಯರು ನಕ್ಷೆ ತೆರೆಯುವುದಕ್ಕೆ ಮೊದಲೇ ಅಮ್ಮ ಗಚ್ಚಿಯ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ಯಾವ ತಿಂಗಳಲ್ಲಿ ಯಾವ ಹೊತ್ತಿಗೆ ನೆರಳು ಎಲ್ಲಿಯವರೆಗೆ ಬರುತ್ತದೆಂಬುದು ಅವರಿಗೆ ಇಪ್ಪತ್ತು ಬೇಸಿಗೆಗಳ ಕಂಠಪಾಠ. ಆ ಹುಡುಗ ತನ್ನ ಉಪಕರಣದಿಂದ ಅಳೆದು ನೋಡಿ, ಗೆರೆಯನ್ನು ಎರಡು ಅಡಿ ಮಾತ್ರ ಸರಿಸಿದ. ಅದಕ್ಕೂ ಕಚ್ಛೀ ಅಜ್ಜಿಯ ಒಪ್ಪಿಗೆ ಕೇಳಿದ, ಬುದ್ಧಿವಂತ.

2025ರ ಜನವರಿಯಲ್ಲಿ ಫಲಕಗಳು ಬಂದು ದಕ್ಷಿಣಕ್ಕೆ ಮುಖ ಮಾಡಿ ಕೂತವು. ಪಾರಿವಾಳಗಳ ಕಾಟ ನಾವು ಎಣಿಸಿದ್ದಕ್ಕಿಂತ ಹೆಚ್ಚು. ಹಿಕ್ಕೆ ಬಿದ್ದಲ್ಲಿ ಉತ್ಪತ್ತಿ ಕುಗ್ಗುತ್ತದೆ. ಎದುರಿನ ಗೋಪುರದ ಸಿಮೆಂಟು ಧೂಳು ಬೇರೆ. ವಾರಕ್ಕೊಮ್ಮೆ ಬೆಳಿಗ್ಗೆ ಬಿಸಿಲೇರುವ ಮೊದಲು ತೊಳೆಯಬೇಕು, ಕಾದ ಗಾಜಿನ ಮೇಲೆ ತಣ್ಣೀರು ಹಾಕಬಾರದು. ತೊಳೆಯುವ ಸರದಿಯ ಪಟ್ಟಿಯನ್ನು ಲಿಫ್ಟಿನ ಪಕ್ಕ ಅಂಟಿಸಿದ್ದೇವೆ. ಸರದಿ ತಪ್ಪಿಸಿಕೊಳ್ಳುವವರ ಪಟ್ಟಿ ನನ್ನ ನೋಟುಪುಸ್ತಕದಲ್ಲಿದೆ.

ಆ ಬೇಸಿಗೆಯಲ್ಲಿ ಸಂಡಿಗೆ ಎಂದಿನಂತೆ ನಡೆಯಿತು, ಸ್ವಲ್ಪ ಇಕ್ಕಟ್ಟಿನಲ್ಲಿ. ವಾರದ ದಿನಗಳನ್ನು ಮನೆಗಳಿಗೆ ಹಂಚಿಕೊಂಡರು. ನಮಗೆ ಬುಧವಾರ, ಶನಿವಾರ. ಅಮ್ಮ ಮೊದಮೊದಲು ಫಲಕಗಳ ಕಡೆ ಬೆನ್ನು ಹಾಕಿ ಕೂರುತ್ತಿದ್ದರು. ಆಮೇಲೆ ಹುಡುಗ ದಿನವೂ ಸಂಜೆ ಇನ್ವರ್ಟರಿನ ಅಂಕಿ ಓದಿ ಬಂದು ಅವರಿಗೆ ವರದಿ ಒಪ್ಪಿಸತೊಡಗಿದ. ಏಪ್ರಿಲ್ ಮೇ ತಿಂಗಳಲ್ಲಿ ಇಪ್ಪತ್ತೇಳು, ಇಪ್ಪತ್ತೆಂಟು ಯೂನಿಟ್ಟು ಎಂದು ಬರುತ್ತಿತ್ತು. ಜುಲೈ ಹಿಡಿದ ಮೇಲೆ ಹನ್ನೆರಡು, ಹತ್ತು ಎಂದು ಇಳಿಯಿತು.

ಆ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಕಟ್ಟಿದ ಸೇತುವೆ ತೆರೆಯಿತು. ಅರುವತ್ತು ವರ್ಷ ಲಾಂಚನ್ನೇ ನಂಬಿದ್ದ ಊರುಗಳಿಗೆ ಕೊನೆಗೂ ದಾರಿಯಾಯಿತು. ಅಮ್ಮ ಟೀವಿಯ ಮುಂದೆ ಕೂತು ಆ ನೀರನ್ನೇ ನೋಡುತ್ತಿದ್ದರು. ಸೇತುವೆಯನ್ನಲ್ಲ, ನೀರನ್ನು. ಹೊರಗೆ ನಮ್ಮಲ್ಲಿಯೂ ಧೋ ಎಂದು ಮಳೆ. ಹುಡುಗ ಒದ್ದೆಯಾಗಿ ಬಂದು ಅಂದಿನ ಲೆಕ್ಕ ಒಪ್ಪಿಸಿದ: "ಅಜ್ಜೀ, ಇವತ್ತು ಬರೇ ನಾಲ್ಕು."

"ಇರಲಿ ಬಿಡೋ," ಎಂದರು ಅಮ್ಮ, "ಇಂಥಾ ದಿನ ನನ್ನ ಸಂಡಿಗೆಯೂ ಒಣಗುತ್ತಿರಲಿಲ್ಲ."